ಮೆಂತ್ಯದ ಹೆಲ್ಮೆಟ್ಟು

ಪ್ರಸನ್ನಕುಮಾರ್ ಬೆಂಗಳೂರಿಗೆ ಹೋಗುವಾಗ ಚೆನ್ನಾಗಿಯೇ ಇದ್ದ, ಬರುವಾಗ ಕೆಟ್ಟು ಬಂದ. ಇದು ಅವನ ಹೆಂಡತಿ ಸ್ಫೂರ್ತಿಯ ಖಚಿತ ಅಭಿಪ್ರಾಯ. ಬೆಂಗಳೂರಿಗೆ ಹೋಗಿ ಕೆಟ್ಟವರು ಬೇಕಾದಷ್ಟು ಜನ ಇದ್ದಾರೆ. ಇಸ್ಪೀಟು ಕಲಿತವರು, ಕುಡಿತ ಕಲಿತವರು, ಇಂಗ್ಲಿಷಿನಲ್ಲಿ ಸೀನಲು ಕಲಿತವರು. ಇವನು ಕಲಿತು ಬಂದದ್ದು ಮಾತ್ರ ‘ಸುಸ್ಥಿರ ವಸ್ತುಗಳ ಆಯ್ಕೆ’.

ಮಾಚೇನಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವನು ಡಿಸೈನ್ ಇಂಜಿನಿಯರ್. ಮಾಲೀಕರಾದ ಶಂಕರನಾರಾಯಣ ಅವರಿಗೆ ಬೆಂಗಳೂರಿನಲ್ಲಿ ಈ ವಿಷಯದ ಮೇಲೆ ನಡೆಯುವ ಕಮ್ಮಟಕ್ಕೆ ಕರೆ ಬಂದಿತ್ತು. ಅವರು, "ನೀನು ಹೋಗಿ ಬಾ ಮಾರಾಯ, ಊಟ ಚೆನ್ನಾಗಿರುತ್ತಂತೆ" ಎಂದು ಇವನನ್ನು ಸಾಗಹಾಕಿದ್ದರು. ಊಟಕ್ಕೆಂದು ಹೋದವನು ಜ್ಞಾನವನ್ನೂ ಉಂಡುಬಿಟ್ಟ. ಅದು ಜೀರ್ಣವಾಗಲಿಲ್ಲ.

ಬಂದವನು ಮನೆಯಲ್ಲಿದ್ದ ಒಂದೊಂದು ಸಾಮಾನನ್ನೂ ಎದುರಿಗೆ ಕೂರಿಸಿಕೊಂಡು ವಿಚಾರಣೆ ಶುರು ಮಾಡಿದ. ನೀನು ಎಲ್ಲಿಂದ ಬಂದೆ? ನಿನ್ನ ಕೆಲಸವೇನು? ಎಷ್ಟು ಭಾರ ತಡೆಯುತ್ತೀಯೆ? ಸತ್ತ ಮೇಲೆ ಎಲ್ಲಿಗೆ ಹೋಗುತ್ತೀಯೆ? ಹಿಂದೆ ಋಷಿಗಳು ಆತ್ಮದ ಬಗ್ಗೆ ಕೇಳುತ್ತಿದ್ದ ಪ್ರಶ್ನೆಗಳನ್ನು ಇವನು ಸೋಪಿನ ಡಬ್ಬಿಗೆ ಕೇಳತೊಡಗಿದ.

"ಈ ಪ್ಲಾಸ್ಟಿಕ್ ಬಕೆಟ್ ಇದೆಯಲ್ಲ, ಇದು ನಮ್ಮ ಮರಿಮಕ್ಕಳ ಕಾಲಕ್ಕೂ ಮಣ್ಣಾಗಲ್ಲ, ಗೊತ್ತಾ?"

"ಒಳ್ಳೇದೇ ಆಯ್ತಲ್ಲ ರೀ," ಸ್ಫೂರ್ತಿ ಬಟ್ಟೆ ಹಿಂಡುತ್ತಾ ಹೇಳಿದಳು. "ಅವರು ಬೇರೆ ಬಕೆಟ್ ತಗೊಳ್ಳೋದು ತಪ್ತು."

(ಹೆಂಡತಿಯ ಹೆಸರೇ ಸ್ಫೂರ್ತಿ ಎಂದಮೇಲೆ ಗಂಡನಿಗೆ ಸ್ಫೂರ್ತಿಗೇನು ಕೊರತೆ ಎಂದು ಊರವರು ತಿಳಿದಿದ್ದರು. ಕೊರತೆಯೇನೂ ಇರಲಿಲ್ಲ. ಬಂದ ಸ್ಫೂರ್ತಿಯನ್ನೆಲ್ಲ ಆ ಸ್ಫೂರ್ತಿ ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತಿದ್ದಳು, ಅಷ್ಟೆ.)

ಅದೇ ಹೊತ್ತಿಗೆ ಹೆಲ್ಮೆಟ್ಟು ಕಡ್ಡಾಯವಂತೆ ಎಂಬ ಸುದ್ದಿ ಶಿವಮೊಗ್ಗದಲ್ಲೆಲ್ಲ ಹಬ್ಬಿತು. ಸ್ಫೂರ್ತಿ ಅವತ್ತೇ ಗಾಂಧಿಬಜಾರಿಗೆ ಹೋಗಿ ತನಗೊಂದು ಕೆಂಪು ಹೆಲ್ಮೆಟ್ಟು ತಂದಳು. ಗಂಡನಿಗೂ ಒಂದು ತರುತ್ತಿದ್ದಳು. ಆದರೆ ಪ್ರಸನ್ನಕುಮಾರ್ ಕೈ ಅಡ್ಡ ಹಿಡಿದ.

"ನನ್ನ ಹೆಲ್ಮೆಟ್ಟು ನಾನೇ ಮಾಡ್ಕೋತೀನಿ. ನಮ್ಮ ನೆಲದಲ್ಲಿ ಸಿಗೋ ವಸ್ತುವಿನಿಂದಲೇ. ಅದರ ಆಯಸ್ಸು ಮುಗಿದ ಮೇಲೆ ಮಣ್ಣಲ್ಲಿ ಹೂತರೆ ಗೊಬ್ಬರ ಆಗ್ಬೇಕು."

"ಹೆಲ್ಮೆಟ್ಟು ಗೊಬ್ಬರ ಆಗುತ್ತೆ, ಸರಿ. ಒಳಗಿರೋ ತಲೆ?"

"ನೀನು ಹೀಗೆ ತಲೆ ತಿಂತಿದ್ರೆ ಗೊಬ್ಬರಕ್ಕೂ ಉಳಿಯಲ್ಲ," ಎಂದು ಅವನು ಎದ್ದು ಹೋದ.

ಶಂಕರನಾರಾಯಣ ಅವರಿಗೆ ಮಾತ್ರ ಈ ವಿಚಾರ ಬಹಳ ಹಿಡಿಸಿತು. ಭದ್ರಾವತಿಯ ನ್ಯೂಟೌನಿನಲ್ಲಿ ಕೃಷಿ ಮತ್ತು ಕೈಗಾರಿಕಾ ಮೇಳ ಹತ್ತಿರ ಬರುತ್ತಿತ್ತು. ಅಲ್ಲಿ ಇಡಲು ಅವರ ಹತ್ತಿರ ಹಳೇ ಪಂಪಿನ ಹೊಸ ಬಣ್ಣ ಬಿಟ್ಟರೆ ಬೇರೇನೂ ಇರಲಿಲ್ಲ. "ಮಾಡು ಮಾರಾಯ. ಜನ ಮೆಚ್ಚಿದ್ರೆ ಅದಕ್ಕೇ ಅಂತ ಹೊಸ ವಿಭಾಗ ತೆಗೆಯೋಣ. ನೀನೇ ಮುಖ್ಯಸ್ಥ."

ಮುಖ್ಯಸ್ಥ! ಆ ಮಾತು ಪ್ರಸನ್ನಕುಮಾರನ ಕಿವಿಯೊಳಗೆ ನಾದಸ್ವರ ಊದಿತು. ಅದಕ್ಕೆ ಕಾರಣ ಅವನ ಮಾವ ಶಿವಮೂರ್ತಪ್ಪನವರು. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಅವರು ಅಳಿಯನನ್ನು ಕಂಡಾಗಲೆಲ್ಲ, ಕಾಫಿ ಲೋಟ ಕೈಗೆ ಬರುವ ಮೊದಲೇ, "ಏನು ಅಳಿಯಂದ್ರೇ, ಇನ್ನೂ ಅದೇ ಪೋಸ್ಟಾ?" ಎಂದು ಕೇಳುವವರು. ಆಮೇಲೆ ಕುಡಿದ ಕಾಫಿಗೆ ಸಕ್ಕರೆ ಹಾಕಿದೆಯೋ ಇಲ್ಲವೋ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

ವಸ್ತುವಿನ ಆಯ್ಕೆ ಆರಂಭವಾಯಿತು.

ಮೊದಲು ಬಿದಿರು. ಹಗುರ, ಗಟ್ಟಿ, ಬೇಗ ಬೆಳೆಯುವಂಥದ್ದು. ಮೇದಾರರ ಕೇರಿಯಿಂದ ನೇಯಿಸಿಕೊಂಡು ಬಂದ ಹೆಲ್ಮೆಟ್ಟನ್ನು ಹಾಕಿಕೊಂಡು ಸ್ಕೂಟರಿನಲ್ಲಿ ವಿನೋಬನಗರ ಒಂದು ಸುತ್ತು ಹೊರಟದ್ದೇ ತಡ, ದಾರಿಯಲ್ಲಿ ಇಬ್ಬರು ಕೈ ತಟ್ಟಿ ನಿಲ್ಲಿಸಿ ಬುಟ್ಟಿಯೊಳಗಿನ ಕೋಳಿ ಎಷ್ಟಕ್ಕೆ ಕೊಡ್ತೀರಿ ಎಂದು ಕೇಳಿದರು. ಮೀನು ಮೊಟ್ಟೆ ಮುಟ್ಟದ ಮನೆತನ! ಅವನ ತಾಯಿ ಮಹಾಂತಮ್ಮ ಹೆಲ್ಮೆಟ್ಟನ್ನು ನೀರು ಚಿಮುಕಿಸಿ ಒಳಗೆ ಒಯ್ದು, ಅಂದಿನಿಂದ ಅದರಲ್ಲಿ ಅಕ್ಕಿ ತೊಳೆದು ಸೋಸತೊಡಗಿದರು.

ಆಮೇಲೆ ತೆಂಗಿನ ನಾರು. ಅದನ್ನು ಹಾಕಿಕೊಂಡ ದಿನ ಅವನು ಸಂಜೆಯವರೆಗೂ ಎರಡೂ ಕೈಯಲ್ಲಿ ತಲೆ ಕೆರೆದುಕೊಂಡ. ಬಸ್‌ಸ್ಟ್ಯಾಂಡಿನ ಹತ್ತಿರ ಸ್ಕೂಟರಿನ ಹ್ಯಾಂಡಲ್ ಬಿಟ್ಟು ಕೆರೆದುಕೊಂಡಾಗ ಸಿಟಿ ಬಸ್ಸಿನ ಡ್ರೈವರ್ ಅವನ ವಂಶದ ಬಗ್ಗೆ ಕೆಲವು ಅನುಮಾನಗಳನ್ನು ವ್ಯಕ್ತಪಡಿಸಿದ.

"ಬಿದಿರು ಬೇಡ, ನಾರು ಬೇಡ," ಎಂದು ಅವನು ಊಟಕ್ಕೆ ಕೂತು ತಲೆ ಕೆಡಿಸಿಕೊಳ್ಳುತ್ತಿದ್ದಾಗ ಮಹಾಂತಮ್ಮ ಸುಮ್ಮನೆ ಒಂದು ಮಾತು ಆಡಿದರು. "ನಮ್ಮ ಅಜ್ಜಿ ಹಳೇ ಕಾಗದ ನೆನೆಹಾಕಿ, ಮೆಂತ್ಯ ರುಬ್ಬಿ ಕಲಸಿ, ಬುಟ್ಟಿ ಮಾಡ್ತಿದ್ಲಪ್ಪ. ಕಲ್ಲು ಕಲ್ಲಿನ ಹಾಗೆ ಇರ್ತಿತ್ತು."

ಪ್ರಸನ್ನಕುಮಾರ್ ಅನ್ನದ ಕೈಯಲ್ಲೇ ಎದ್ದು ನಿಂತ. ಕಾಗದ! ಪಕ್ಕದ ಊರು ಭದ್ರಾವತಿಯೆಂದರೆ ಕಾಗದದ ಊರು. ಮೆಂತ್ಯ! ಅಡುಗೆಮನೆಯ ಡಬ್ಬಿಯಲ್ಲೇ ಇದೆ. ರಾಸಾಯನಿಕವಿಲ್ಲ, ಹೊಗೆಯಿಲ್ಲ, ಸತ್ತ ಮೇಲೆ ಸದ್ಗತಿ ಖಾತ್ರಿ.

"ಅವ್ವಾ, ನೀನು ವಿಜ್ಞಾನಿ!"

"ಮೊದ್ಲು ಮಜ್ಜಿಗೆ ಅನ್ನ ಮುಗಿಸು," ಎಂದರು ವಿಜ್ಞಾನಿ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ನಡೆದದ್ದನ್ನು ಸ್ಫೂರ್ತಿ ಈಗಲೂ ನೆನೆಸಿಕೊಳ್ಳಲು ಇಷ್ಟಪಡುವುದಿಲ್ಲ. ಹಳೇ ದಿನಪತ್ರಿಕೆಗಳು ಬಚ್ಚಲ ಹಂಡೆಯಲ್ಲಿ ನೆಂದವು. ಅವನ್ನು ಮಿಕ್ಸಿಗೆ ಹಾಕಿ ತಿರುಗಿಸಿದಾಗ ಮಿಕ್ಸಿ ಮೊದಲು ಗೊಗ್ಗರು ದನಿಯಲ್ಲಿ ಬೇಡಿಕೊಂಡಿತು, ಆಮೇಲೆ ಹೊಗೆ ಬಿಟ್ಟು ಕೈಲಾಸ ಸೇರಿತು.

"ನನ್ನ ತವರಿನ ಮಿಕ್ಸಿ ರೀ ಅದು!"

"ನಿಮ್ಮಪ್ಪ ಸ್ಟೀಲಿನದು ಕೊಡಿಸ್ಬೇಕಾಗಿತ್ತು," ಎಂದುಬಿಟ್ಟ. ಹೇಳಿದ ಮೇಲೆ, ಹೇಳಬಾರದಿತ್ತು ಎಂದು ಅವನಿಗೇ ಹೊಳೆಯಿತು. ಎರಡು ಹೊತ್ತು ಬರೀ ಉಪ್ಪಿಟ್ಟು ತಿಂದ ಮೇಲೆ ಇನ್ನಷ್ಟು ಚೆನ್ನಾಗಿ ಹೊಳೆಯಿತು.

ಉಳಿದದ್ದನ್ನು ಮೆಂತ್ಯದ ಜೊತೆ ಒರಳಿನಲ್ಲಿ ತಾನೇ ರುಬ್ಬಿದ. ಅಚ್ಚಿಗೆ ತನ್ನ ತಲೆಯಷ್ಟೇ ದೊಡ್ಡದಾದ ಏನಾದರೂ ಬೇಕಾಗಿತ್ತು. ಮನೆಯ ಪಾತ್ರೆಗಳನ್ನೆಲ್ಲ ಒಂದೊಂದಾಗಿ ತಲೆಗೆ ಹಾಕಿ ನೋಡಿದ, ಕೊನೆಗೆ ಸಾರಿನ ತಪ್ಪಲೆ ಸರಿಯಾಗಿ ಕೂತಿತು. (ತಪ್ಪಲೆಯೊಳಗೆ ತಲೆ ಮೊದಲಿನಿಂದಲೂ ಇದೆ, ನಡುವೆ ಒಂದು ‘ಪ್ಪ’ ಸಿಕ್ಕಿಕೊಂಡಿದೆ, ಅಷ್ಟೆ.) ತಪ್ಪಲೆ ಮೈತುಂಬ ಹಿಟ್ಟು ಮೆತ್ತಿಸಿಕೊಂಡು ಬೋರಲಾಗಿ ಮಾಳಿಗೆಯ ಬಿಸಿಲಿಗೆ ಹೋಯಿತು. ಅದು ಒಣಗುವವರೆಗೂ ಮನೆಯಲ್ಲಿ ಸಾರಿಲ್ಲ, ಬರೀ ಚಟ್ನಿಪುಡಿ.

ಒಣಗಿದ ಹೆಲ್ಮೆಟ್ಟು ನಿಜಕ್ಕೂ ಕಲ್ಲಿನಂತಿತ್ತು. ಪರೀಕ್ಷೆಗಾಗಿ ಅವನು ಅದನ್ನು ಒಂದು ಕುಂಬಳಕಾಯಿಗೆ ತೊಡಿಸಿ ಅಂಗಳದಲ್ಲಿ ಕೂರಿಸಿದ. ಮಾಳಿಗೆಯ ಮೇಲಿನಿಂದ ತೆಂಗಿನಕಾಯಿ ಬಿಟ್ಟ. ಕಾಯಿ ಎರಡು ಹೋಳಾಯಿತು. ಕುಂಬಳಕಾಯಿಗೆ ಒಂದು ಗೀರೂ ಬೀಳಲಿಲ್ಲ.

"ನೋಡಿದ್ಯಾ!" ಎಂದು ಅವನು ಮೇಲಿನಿಂದಲೇ ಕೂಗಿದ.

ಸ್ಫೂರ್ತಿಯೂ ಒಂದು ಕ್ಷಣ ಬೆರಗಾದಳು. ಆದರೆ ಅವಳ ಬೆರಗಿಗೆ ಆಯಸ್ಸು ಕಮ್ಮಿ. "ಅದೆಲ್ಲ ಸರಿ ರೀ. ಮಳೆ ಬಂದ್ರೆ?"

"ಹೊಂಗೆ ಎಣ್ಣೆ ಬಳಿದಿದ್ದೀನಿ."

"ಎಣ್ಣೆ ಸಾಕಾ? ವಾರ್ನಿಷ್ ಹೊಡೀಬಾರ್ದಾ?"

"ವಾರ್ನಿಷ್!" ಕಮ್ಮಟದ ಗುರುಗಳ ಮುಂದೆ ಯಾರೋ ಬೀಡಿ ಹಚ್ಚಿದಂತೆ ಅವನ ಮುಖವಾಯಿತು. "ಅದು ವಿಷ ಕಣೇ. ಭೂಮಿತಾಯಿ ಏನಂದುಕೊಳ್ತಾಳೆ?"

ಮೇಳದ ದಿನ ಶನಿವಾರ. ಗಂಡ ಹೆಂಡತಿ ಸ್ಕೂಟರ್ ಹತ್ತಿದರು. ಮುಂದೆ ಮೆಂತ್ಯದ ಹೆಲ್ಮೆಟ್ಟು, ಹಿಂದೆ ಕೆಂಪು ಹೆಲ್ಮೆಟ್ಟು. ಕೆಂಪಿನ ಕೆಳಗಿನಿಂದ ಮಲ್ಲಿಗೆಯ ಮೊಳ ತೂಗಾಡುತ್ತಿತ್ತು. ಶಿವಮೊಗ್ಗ ದಾಟುವವರೆಗೆ ಬಿಸಿಲು. ಮಾಚೇನಹಳ್ಳಿ ದಾಟಿ ಬಯಲಿಗೆ ಬಂದಾಗ, ಇವನು ಯಾರೆಂದು ಗುರುತು ಹಿಡಿದವರಂತೆ, ಮೋಡಗಳು ಒಟ್ಟಾಗಿ ಮೈಮೇಲೆ ಬಿದ್ದವು. ನಿಲ್ಲಲು ಒಂದು ಮರವೂ ಸಿಗಲಿಲ್ಲ. ಸ್ಫೂರ್ತಿ ಚೀಲದಿಂದ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ತೆಗೆದು ತಲೆಯಿಂದ ಹೆಗಲವರೆಗೆ ಇಳಿಬಿಟ್ಟುಕೊಂಡಳು.

"ನಿಮಗೂ ಒಂದು ಇದೆ, ಕೊಡ್ಲಾ?"

"ಪ್ಲಾಸ್ಟಿಕ್ಕಾ? ಪ್ರಾಣ ಹೋದ್ರೂ ಬೇಡ."

"ಪ್ರಾಣ ಹೋಗಲ್ಲ, ಹೆಲ್ಮೆಟ್ಟು ಹೋಗುತ್ತೆ."

ಅವಳ ಮಾತು ತಪ್ಪಾಯಿತು. ಹೆಲ್ಮೆಟ್ಟು ಹೋಗಲಿಲ್ಲ. ಅದು ಮೆತ್ತಗಾಗಿ, ಹಿಗ್ಗಿ, ಅವನ ತಲೆಯನ್ನು ಹೆತ್ತ ತಾಯಿಯಂತೆ ತಬ್ಬಿಕೊಂಡಿತು. ಮಳೆ ಬಂದಷ್ಟೇ ಬೇಗ ನಿಂತಿತು. ಚುರುಗುಟ್ಟುವ ಬಿಸಿಲು ಬಂತು. ಎದುರುಗಾಳಿ ಬೀಸಿತು. ನ್ಯೂಟೌನ್ ಮುಟ್ಟುವಷ್ಟರಲ್ಲಿ ಮೆಂತ್ಯದ ಲೋಳೆ, ಕಾಗದದ ಹಿಟ್ಟು ಮತ್ತು ಪ್ರಸನ್ನಕುಮಾರನ ಕೂದಲು ಮೂರೂ ಸೇರಿ ಮತ್ತೆ ಕಲ್ಲಾಗಿದ್ದವು.

ಮೇಳದ ಬಾಗಿಲಲ್ಲಿ ಇಳಿದು ಹೆಲ್ಮೆಟ್ಟು ತೆಗೆಯಲು ಹೋದ. ಹೆಲ್ಮೆಟ್ಟಿನ ಜೊತೆ ಹುಬ್ಬುಗಳೂ ಮೇಲಕ್ಕೆ ಹೋದವು.

"ಸ್ಫೂರ್ತಿ..." ದನಿ ಸಣ್ಣದಾಗಿತ್ತು. "ಇದು ಬರ್ತಿಲ್ಲ."

ಸ್ಫೂರ್ತಿ ಹಿಂದಿನಿಂದ ಹಿಡಿದು ಎಳೆದಳು. ಅವನು ಕೂಗಿದ ಕೂಗಿಗೆ ಗೇಟಿನ ಟಿಕೆಟ್ಟಿನವನು ಸೀಟಿ ಊದಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು.

"ನಗ್ತೀಯಾ? ಒಳಗೆ ಶಂಕರನಾರಾಯಣ ಸಾರ್ ಕಾಯ್ತಿದ್ದಾರೆ! ನಿಮ್ಮಪ್ಪ ಬೇರೆ ಬರ್ತೀನಿ ಅಂದಿದ್ದಾರೆ!"

"ಹಾಗೇ ಬನ್ನಿ. ಬೇಕು ಅಂತಲೇ ಹಾಕ್ಕೊಂಡಿದ್ದೀನಿ ಅನ್ನಿ."

ಅವರ ಮಳಿಗೆ ಇದ್ದದ್ದು ಕೈಗಾರಿಕೆ ಮುಗಿದು ಕೃಷಿ ಶುರುವಾಗುವ ಜಾಗದಲ್ಲಿ. ಒಂದು ಪಕ್ಕ ಪಂಪ್‌ಸೆಟ್ಟುಗಳು, ಇನ್ನೊಂದು ಪಕ್ಕ ಸಂಜೆಯ ಹಾಲು ಕರೆಯುವ ಸ್ಪರ್ಧೆಗೆ ಬಂದ ಹಸುಗಳು. ಪಕ್ಕದ ಗೂಟಕ್ಕೇ ಕಟ್ಟಿದ್ದದ್ದು ಹಳ್ಳಿಯಿಂದ ಬಂದಿದ್ದ ರಾಮಚಂದ್ರಪ್ಪನ ಹಸು, ಆಳೆತ್ತರದ ಕಪ್ಪುಬಿಳುಪು ಸುಂದರಿ. ಪ್ರಸನ್ನಕುಮಾರ್ ಬಂದು ನಿಂತ ಕೂಡಲೇ ಅದು ಮೂಗು ಅರಳಿಸಿ, ಬಾಯಾಡಿಸುವುದನ್ನು ನಿಲ್ಲಿಸಿ, ಅವನನ್ನೇ ನೋಡತೊಡಗಿತು. ಅಷ್ಟು ಪ್ರೀತಿಯಿಂದ ಅವನನ್ನು ಯಾರೂ ನೋಡಿರಲಿಲ್ಲ, ಮದುವೆಯಲ್ಲಿ ಕೂಡ.

ಶಂಕರನಾರಾಯಣ ಅವರು ಹೆಲ್ಮೆಟ್ಟು ಹಾಕಿಕೊಂಡೇ ಬಂದ ನೌಕರನನ್ನು ನೋಡಿ ಹಿಗ್ಗಿದರು. "ಇದು ಶ್ರದ್ಧೆ ಅಂದ್ರೆ!" ಎಂದು ಮೈಕು ಕೈಗಿತ್ತರು.

ಜನ ಸೇರಿದರು. ಜನರ ನಡುವೆ ಬಿಳೀ ಪಂಚೆ, ಕೈಯಲ್ಲಿ ಕೊಡೆ ಹಿಡಿದು ಶಿವಮೂರ್ತಪ್ಪನವರೂ ಬಂದು ನಿಂತರು.

"ಏನು ಅಳಿಯಂದ್ರೇ, ಇದು ಕಾಗದವಂತೆ? ಕಾಗದ ಇರೋದು ಬೋಂಡ ಕಟ್ಟೋಕೆ. ತಲೆಗೆ ಸ್ಟೀಲ್ ಬಿಟ್ರೆ ಬೇರೆ ಮಾತೇ ಇಲ್ಲ."

"ಹೊಡೆದು ನೋಡಿ ಮಾವ," ಪ್ರಸನ್ನಕುಮಾರನಿಗೆ ರೋಷ ಬಂತು.

ಮಾವನಿಗೆ ಅಷ್ಟೇ ಬೇಕಾಗಿತ್ತು. ಮದುವೆಯಾದಾಗಿನಿಂದ ಅವರು ಇಂಥ ಒಂದು ಅವಕಾಶಕ್ಕೆ ಕಾದಿದ್ದರೋ ಏನೋ. ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಕುಲುಮೆಯ ಮುಂದೆ ನಿಂತವರ ಹಾಗೆ ಕಾಲು ಅಗಲಿಸಿ, ಬೀಸಿ ಒಂದು ಕೊಟ್ಟರು. ‘ಠಣ್’ ಎಂದಿತು. ಕೊಡೆಯ ಹಿಡಿ ಮುರಿದು ಪಕ್ಕದ ಮಳಿಗೆಯ ಗೊಬ್ಬರದ ಮೂಟೆಯ ಮೇಲೆ ಬಿತ್ತು. ಪ್ರಸನ್ನಕುಮಾರನ ಕಣ್ಣ ಮುಂದೆ ಮೂವರು ಮಾವಂದಿರು ಕಾಣಿಸಿದರು, ಮೂವರೂ ಬಾಯಿ ಬಿಟ್ಟುಕೊಂಡು ನಿಂತಿದ್ದರು.

ಜನ ಚಪ್ಪಾಳೆ ತಟ್ಟಿದರು. ಶಂಕರನಾರಾಯಣ ಶಿಳ್ಳೆಯನ್ನೇ ಹಾಕಿದರು. ಪ್ರಸನ್ನಕುಮಾರನಿಗೆ ನೋವು, ಉರಿ ಎಲ್ಲ ಮರೆತುಹೋಯಿತು. ಮೈಕನ್ನು ತುಟಿಗೆ ತಾಗಿಸಿ, ಹಸುವಿನ ಕಡೆಗೆ ಬೆನ್ನು ಮಾಡಿ, ಭಾಷಣ ಹೊಡೆಯತೊಡಗಿದ.

"ಮಹಾಜನಗಳೇ! ಒಂದು ವಸ್ತುವನ್ನು ಆರಿಸುವಾಗ ನಾವು ಅದರ ಬಲವನ್ನಷ್ಟೇ ನೋಡಬಾರದು. ಅದರ ಅಂತ್ಯವನ್ನೂ ನೋಡಬೇಕು. ಈ ಹೆಲ್ಮೆಟ್ಟು ಪ್ರಕೃತಿಯಿಂದ ಬಂದದ್ದು. ಪ್ರಕೃತಿಗೇ ಮರಳುವಂಥದ್ದು!"

ಪ್ರಕೃತಿ ಹಿಂದಿನಿಂದ ನಾಲಿಗೆ ಚಾಚಿತು.

ಮೊದಲ ನೆಕ್ಕಿಗೆ ಅವನು, ಯಾರೋ ಅಭಿಮಾನಿ ಹೆಲ್ಮೆಟ್ಟು ಸವರಿ ನೋಡುತ್ತಿದ್ದಾರೆಂದುಕೊಂಡು ಮುಗುಳ್ನಕ್ಕ. ಜನ ನಗತೊಡಗಿದಾಗ ತನ್ನ ಮಾತಿನಲ್ಲಿ ಹಾಸ್ಯವೂ ಇದೆಯೆಂದು ಖುಷಿಪಟ್ಟ. ‘ಕರ್ರ್’ ಎಂಬ ಸದ್ದು ತಲೆಯೊಳಗಿನಿಂದಲೇ ಬಂದಾಗ ಮಾತ್ರ ಮೈಕಿನಲ್ಲಿ "ಅಯ್ಯಯ್ಯಪ್ಪೋ!" ಎಂಬ ಘೋಷಣೆ ಹೊರಟು ಇಡೀ ನ್ಯೂಟೌನಿಗೆ ಕೇಳಿಸಿತು. ಹಸು ಹಿಂಭಾಗದ ಅಂಚನ್ನು ಹಲ್ಲಲ್ಲಿ ಹಿಡಿದಿತ್ತು. ಇವನು ಮುಂದೆ ಎಳೆದ, ಅದು ಹಿಂದೆ ಎಳೆಯಿತು. ಅದರ ಜೊಲ್ಲಿಗೆ ಮೆಂತ್ಯ ನೆಂದಂತೆಲ್ಲ ಹೆಲ್ಮೆಟ್ಟು ಸಡಿಲಾಯಿತು.

"ಬಿಡಿಸ್ರೀ! ಯಾರ್ದ್ರೀ ಈ ಹಸು!"

"ಅಲ್ಲಾಡಬೇಡಿ ಸಾರ್, ಗಾಬರಿ ಬೀಳುತ್ತೆ!" ರಾಮಚಂದ್ರಪ್ಪ ಓಡಿ ಬಂದ. ಗಾಬರಿ ಬೀಳುತ್ತೆ ಎಂದು ಅವನು ಹೇಳಿದ್ದು ಹಸುವಿನ ಬಗ್ಗೆ.

ಕೊನೆಗೆ ಒಂದು ದೊಡ್ಡ ತುಂಡು ಕೂದಲಿನ ಸಮೇತ ಕಿತ್ತು ಬಂತು. ಹಸು ಅದನ್ನು ಕಣ್ಣು ಅರೆಮುಚ್ಚಿ, ಬಹಳ ಮರ್ಯಾದೆಯಿಂದ ತಿಂದಿತು. ಆಮೇಲೆ ಉಳಿದದ್ದನ್ನೂ ನೆಕ್ಕಿ ತೆಗೆಯಿತು. ಈ ಹೊತ್ತಿಗೆ ಪ್ರಸನ್ನಕುಮಾರ್ ಪ್ರತಿಭಟನೆ ಬಿಟ್ಟು ಕುಕ್ಕುರುಗಾಲಿನಲ್ಲಿ ಕೂತಿದ್ದ. ಹೇಗೂ ಹೆಲ್ಮೆಟ್ಟು ಬರಬೇಕಿತ್ತಲ್ಲ. ಸ್ಫೂರ್ತಿ ಅವನ ಎರಡೂ ಕೈ ಹಿಡಿದು, "ಇನ್ನು ಸ್ವಲ್ಪ ರೀ, ಎಡಗಡೆ ಮಾತ್ರ ಇದೆ," ಎಂದು ಧೈರ್ಯ ಹೇಳುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ನಗುವಿನದೋ ಮರುಕದ್ದೋ ಕೇಳುವ ಧೈರ್ಯ ಅವನಿಗಾಗಲಿಲ್ಲ.

ಶಿವಮೂರ್ತಪ್ಪನವರು ಮುರಿದ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, "ಸ್ಟೀಲಾಗಿದ್ರೆ ಹಸು ತಿಂತಿತ್ತಾ?" ಎಂದಷ್ಟೇ ಹೇಳಿ ಮನೆಗೆ ಹೊರಟರು.

ತಲೆಯ ಸ್ಥಿತಿ ಹೇಗಿತ್ತೆಂದರೆ, ಅಲ್ಲಲ್ಲಿ ಗದ್ದೆ, ಅಲ್ಲಲ್ಲಿ ಬೀಳು. ನ್ಯೂಟೌನಿನ ಕ್ಷೌರದಂಗಡಿಯವನು ಸುತ್ತಲೂ ತಿರುಗಿ ನೋಡಿ, "ಇದನ್ನ ಮೊದಲು ಯಾರ ಹತ್ರ ಮಾಡಿಸಿದ್ರಿ ಸಾರ್?" ಎಂದು ವೃತ್ತಿಗೌರವದಿಂದ ಕೇಳಿ, ಪೂರ್ತಿ ಬೋಳಿಸಿದ.

ಮರುದಿನ ಭಾನುವಾರ. ಪ್ರಸನ್ನಕುಮಾರ್ ತಲೆಗೆ ಟವೆಲ್ ಸುತ್ತಿಕೊಂಡು ನಡುಮನೆಯ ಮೂಲೆಯಲ್ಲಿ ಕೂತಿದ್ದ. ಕೆಲಸ ಹೋಯಿತೆಂಬುದು ಅವನಿಗೆ ಖಚಿತವಾಗಿತ್ತು. ಮಹಾಂತಮ್ಮ ಬಹಳ ದಿನಗಳ ನಂತರ ತಪ್ಪಲೆಯಲ್ಲಿ ಸಾರು ಕುದಿಸುತ್ತಿದ್ದರು. ಫೋನು ಹೊಡೆದುಕೊಂಡಿತು. ಆ ಕಡೆ ಶಂಕರನಾರಾಯಣ.

"ಎಲ್ಲಿ ಮಾಯ ಆದ್ಯೋ ಮಾರಾಯ? ನಿನ್ನೆ ಸಂಜೆ ಏನಾಯ್ತು ಗೊತ್ತಾ? ಆ ರಾಮಚಂದ್ರಪ್ಪನ ಹಸುವಿಗೇ ಹಾಲಿನ ಮೊದಲ ಬಹುಮಾನ! ಅವನು ಮೈಕಲ್ಲಿ ಹೇಳಿಬಿಟ್ಟ, ‘ಇದೆಲ್ಲ ಆ ಸಾರ್ ಟೋಪಿಯ ಮಹಿಮೆ’ ಅಂತ. ಜನ ಬಂದು ನಮ್ಮ ಮಳಿಗೆಗೆ ಮುತ್ತಿಗೆ ಹಾಕಿದ್ರು. ಟೋಪಿ ಕೇಜಿಗೆ ಎಷ್ಟು ಅಂತ ಕೇಳ್ತಾರೆ!"

"ಸಾರ್, ಅದು ತಲೆಗೆ ಹಾಕೋದು..."

"ತಲೆಗೆ ಯಾಕೆ ಹಾಕ್ತೀಯೋ, ದನದ ಬಾನಿಗೆ ಹಾಕೋಣ. ಕಾಗದ ಬಿಟ್ಟುಬಿಡು, ಮೆಂತ್ಯ, ಹೊಟ್ಟು, ಬೆಲ್ಲ. ಹೇಳಿದ ಮಾತಿಗೆ ತಪ್ಪೋನಲ್ಲ ನಾನು. ನಾಳೆಯಿಂದ ನೀನೇ ಹಿಂಡಿ ವಿಭಾಗದ ಮುಖ್ಯಸ್ಥ!"

ಪ್ರಸನ್ನಕುಮಾರನಿಗೆ ಸರಿಯಾಗಿ ಕೇಳಿಸಲಿಲ್ಲ. "ಸಾರ್, ನನಗೆ ಹಿಂದಿ ಅಷ್ಟಾಗಿ ಬರಲ್ಲ."

"ಹಿಂದಿ ಅಲ್ಲ ಮಾರಾಯ, ಹಿಂಡಿ! ದನ ತಿನ್ನೋ ಹಿಂಡಿ!"

ಫೋನು ಇಟ್ಟವನು ಗೋಡೆ ನೋಡುತ್ತಾ ನಿಂತ. ಐದು ವರ್ಷ ಇಂಜಿನಿಯರಿಂಗ್ ಮಾಡಿಸಿದರೆ ಮನುಷ್ಯ ಕೊನೆಗೆ ಹಸುವಿನ ಅಡುಗೆಭಟ್ಟನಾಗುತ್ತಾನೆ. (ನಾಲ್ಕೇ ವರ್ಷದ್ದು, ಗಣಿತಕ್ಕೆ ಅವನ ಮೇಲೆ ಇದ್ದ ಮಮತೆಯಿಂದ ಐದಾಯಿತು.) ಸ್ಫೂರ್ತಿ ವಿಷಯ ಕೇಳಿ ನಗಲಿಲ್ಲ. ಅದು ಅವನನ್ನು ಇನ್ನೂ ಹೆದರಿಸಿತು.

"ಮುಖ್ಯಸ್ಥ ಅಂದ್ರಲ್ಲ ರೀ. ಅಷ್ಟು ಸಾಕು. ಹಾಲು ಜಾಸ್ತಿ ಬಂದ್ರೆ ನಾಲ್ಕು ಮನೆಗೆ ಒಳ್ಳೇದು," ಎಂದು ಟವೆಲ್ಲಿನ ಮೇಲಿನಿಂದಲೇ ತಲೆ ಸವರಿದಳು.

ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಭದ್ರಾವತಿಯಿಂದ. ಸ್ಫೂರ್ತಿಯೇ ಎತ್ತಿದಳು.

"ಹ್ಞೂಂ ಅಪ್ಪಾಜಿ... ಪರವಾಗಿಲ್ಲ, ಉರಿ ಕಮ್ಮಿ ಆಗಿದೆ... ಇಲ್ಲಪ್ಪ, ಕೆಲಸ ಯಾಕೆ ಹೋಗುತ್ತೆ? ಪ್ರಮೋಷನ್ನೇ ಆಗಿದೆ. ಹೊಸ ವಿಭಾಗಕ್ಕೆ ಮುಖ್ಯಸ್ಥರು."

ಆ ಕಡೆಯಿಂದ ಮಾವನ ದನಿ ನಡುಮನೆಯವರೆಗೂ ಕೇಳಿಸಿತು. "ಯಾವ ವಿಭಾಗ?"

ಸ್ಫೂರ್ತಿ ಗಂಡನ ಮುಖ ನೋಡಿದಳು. ಅವನು ಕೈ ಮುಗಿದಿದ್ದ. ಅವಳ ಮನಸ್ಸು ಕರಗಿತು.

"ಹಿಂದಿ, ಅಪ್ಪಾಜಿ," ಎಂದಳು. "ಹಿಂದಿ ವಿಭಾಗ. ಉತ್ತರದ ಕಡೆ ವ್ಯಾಪಾರ ಎಲ್ಲ ಇನ್ಮೇಲೆ ಇವರದ್ದೇ."

ಪ್ರಸನ್ನಕುಮಾರ್ ಹೆಂಡತಿಯನ್ನು ದೇವರನ್ನು ನೋಡಿದಂತೆ ನೋಡಿದ. ಕಣ್ಣು ಮಂಜಾಯಿತು. ಬದುಕಿನಲ್ಲಿ ಮೊದಲ ಸಲ ಮಾವನ ಮುಂದೆ ಅವನ ತಲೆ, ಬೋಳಾಗಿದ್ದರೂ, ಎತ್ತಿದಂತಿತ್ತು.

"ಹಿಂದಿಯಾ!" ಫೋನಿನಲ್ಲಿ ಶಿವಮೂರ್ತಪ್ಪನವರ ಸಂತೋಷ ಒಡೆದು ಚೆಲ್ಲಿತು. "ಶಾಬಾಷ್! ನಾನು ಭಿಲಾಯಿಗೆ ತರಬೇತಿಗೆ ಹೋಗಿದ್ದಾಗ ಕಲ್ತಿದ್ದೆ ಕಣಮ್ಮ. ಬಂದಾಗಿನಿಂದ ಬಾಯಿ ಬಿಟ್ಟು ಮಾತಾಡೋಕೆ ಒಬ್ಬರೂ ಸಿಕ್ಕಿರಲಿಲ್ಲ. ಕೊಡು, ಕೊಡು ಅಳಿಯಂದ್ರಿಗೆ! ಇನ್ಮೇಲೆ ನಾವಿಬ್ಬರೂ ಹಿಂದೀಲೇ ಮಾತಾಡೋದು!"

ಸ್ಫೂರ್ತಿ ಫೋನನ್ನು ಗಂಡನ ಕೈಗೆ ಕೊಟ್ಟು, ಒಲೆಯ ಮೇಲೆ ಏನೋ ಉಕ್ಕುತ್ತ ಇದೆ ಎಂಬಂತೆ ಅಡುಗೆಮನೆಗೆ ನಡೆದುಬಿಟ್ಟಳು. ಒಲೆಯ ಮೇಲೆ ಏನೂ ಉಕ್ಕುತ್ತಿರಲಿಲ್ಲ.

"ಹಾಂ ದಾಮಾದ್‌ಜೀ! ಬೋಲಿಯೇ, ಬೋಲಿಯೇ! ಕ್ಯಾ ಹಾಲ್ ಹೈ?"

ಪ್ರಸನ್ನಕುಮಾರ್ ಟವೆಲ್ ಬಿಚ್ಚಿ ನುಣ್ಣನೆಯ ತಲೆಯ ಮೇಲಿನ ಬೆವರು ಒರೆಸಿಕೊಂಡ. ಉಸಿರು ಎಳೆದುಕೊಂಡ. ಆಮೇಲೆ ತನಗೆ ಬರುತ್ತಿದ್ದ ಹಿಂದಿಯನ್ನೆಲ್ಲ, ಒಂದಿಷ್ಟೂ ಉಳಿಸಿಕೊಳ್ಳದೆ, ಒಟ್ಟಿಗೇ ಹೇಳಿ ಮುಗಿಸಿದ.

"ಅಚ್ಛಾ."